ಎರಡನೆಯ ದಾರಿಯಿಲ್ಲದ ಊರುಗಳು

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಯಾವ ಹಳ್ಳಿಗೆ ಹೋದರೂ ಇವತ್ತು ಅರ್ಧ ವ್ಯವಹಾರ ನೆಟ್‌ವರ್ಕ್ ಮೇಲೆ ನಿಂತಿದೆ. ಪಡಿತರದ ಅಕ್ಕಿ ಬೇಕಾದರೆ ಹೆಬ್ಬೆಟ್ಟು ಒತ್ತಬೇಕು. ಹೊಲದ ಉತಾರ, ಅಂದರೆ ಪಹಣಿ, ತೆಗೆಸಬೇಕಾದರೆ ಸೇವಾ ಕೇಂದ್ರದ ಕಂಪ್ಯೂಟರು ದೂರದ ಡೇಟಾ ಸೆಂಟರಿನಿಂದ ಉತ್ತರ ತರಿಸಬೇಕು. ಮುಂಗಾರಿನ ಹೆಸರಿಗೆ ವಿಮೆ ಕಟ್ಟುವುದಕ್ಕೂ, ಹಿಂಗಾರಿನ ಕಡಲೆಯನ್ನು ಬೆಂಬಲ ಬೆಲೆಗೆ ಕೊಡಲು ಹೆಸರು ಹಚ್ಚುವುದಕ್ಕೂ ನೆಟ್‌ವರ್ಕ್ ಬೇಕು, ಅದೂ ಕೊನೆಯ ದಿನಾಂಕ ಮುಗಿಯುವುದರೊಳಗೆ. ಅದು ನಿಂತ ದಿನ ಕೌಂಟರಿನಿಂದ ಬರುವ ಉತ್ತರ ಎಲ್ಲ ಕಡೆಯೂ ಒಂದೇ: ‘ಸರ್ವರ್ ಇಲ್ಲ, ನಾಳೆ ಬರ್ರಿ.’ ದಿನಗೂಲಿ ಬಿಟ್ಟು ಬಂದವರು ವಾಪಸು ಹೋಗುತ್ತಾರೆ. ಆದರೆ ಈ ಒಂದು ಉತ್ತರದ ಹಿಂದೆ ನಾಲ್ಕೈದು ಬೇರೆಬೇರೆ ಕಾರಣಗಳು ಅಡಗಿರುತ್ತವೆ, ಅವುಗಳಲ್ಲಿ ಸರ್ವರ್ ಕೆಟ್ಟಿರುವುದು ಒಂದು ಮಾತ್ರ. ಗಂಟೆಯೊಳಗೆ ಸರಿಹೋಗುವ ತೊಂದರೆಗಳನ್ನು ಬದಿಗಿಟ್ಟು, ಒಂದು ಊರನ್ನು ದಿನಗಟ್ಟಲೆ ಹೊರಜಗತ್ತಿನಿಂದ ಕಡಿದುಹಾಕುವ ತೊಂದರೆಯ ಮೂಲ ಹುಡುಕಿದರೆ ಅದು ನೆಟ್‌ವರ್ಕಿನ ವೇಗದಲ್ಲೋ ಬೆಲೆಯಲ್ಲೋ ಸಿಗುವುದಿಲ್ಲ. ಆ ನೆಟ್‌ವರ್ಕನ್ನು ನೆಲದ ಮೇಲೆ ಯಾವ ಆಕಾರದಲ್ಲಿ ಎಳೆದಿದ್ದಾರೆ ಎನ್ನುವುದರಲ್ಲಿ ಸಿಗುತ್ತದೆ. ಈ ಆಕಾರವನ್ನು ಹಳ್ಳಿಯ ಜನ ತಿಳಿದುಕೊಳ್ಳಬೇಕು, ಅದರ ಬಗ್ಗೆ ಪ್ರಶ್ನೆ ಕೇಳಬೇಕು ಎಂಬುದೇ ಈ ಲೇಖನದ ವಾದ.

ಮೊದಲು ಗಾತ್ರದ ಮಾತು ಮುಗಿಸಿಬಿಡೋಣ. ಪಂಚಾಯಿತಿ ಕಚೇರಿಯೊಳಗೆ ಎರಡು ಕಂಪ್ಯೂಟರು, ಒಂದು ಪ್ರಿಂಟರು ಕೇಬಲ್ಲಿನಿಂದಲೋ ವೈಫೈಯಿಂದಲೋ ಒಂದಕ್ಕೊಂದು ಜೋಡಿಯಾಗಿದ್ದರೆ ಅದು ಲ್ಯಾನ್, ಅಂದರೆ ಒಂದು ಕಟ್ಟಡದೊಳಗಿನ ಜಾಲ. ಹುಬ್ಬಳ್ಳಿ-ಧಾರವಾಡದಂಥ ಊರನ್ನು ಆವರಿಸುವಷ್ಟು ಬೆಳೆದರೆ ಮ್ಯಾನ್. ಜಿಲ್ಲೆ, ರಾಜ್ಯ, ದೇಶಗಳನ್ನು ದಾಟಿದರೆ ವ್ಯಾನ್. ಈ ಮೂರರ ನಡುವಿನ ವ್ಯತ್ಯಾಸ ರೈತನಿಗೆ ಏನು ಮಾಡುತ್ತದೆ ಎಂಬುದಕ್ಕೆ ‘ಭೂಮಿ’ ಯೋಜನೆಯ ಕಥೆಯೇ ಸಾಕ್ಷಿ. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ಆ ಕೆಲಸ 2000ದ ಸುಮಾರಿಗೆ ಜನರ ಕೈಗೆ ಸಿಕ್ಕಾಗ, ಆಯಾ ತಾಲ್ಲೂಕಿನ ದಾಖಲೆ ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇತ್ತು. ಅಣ್ಣಿಗೇರಿ ಆಗ ಪ್ರತ್ಯೇಕ ತಾಲ್ಲೂಕಾಗಿರಲಿಲ್ಲ, ಅಲ್ಲಿಯ ರೈತ ಉತಾರಕ್ಕೆ ನವಲಗುಂದಕ್ಕೇ ಹೋಗಬೇಕಿತ್ತು. ಮುಂದೆ ದಾಖಲೆಗಳೆಲ್ಲ ರಾಜ್ಯಮಟ್ಟದ ಡೇಟಾ ಸೆಂಟರಿಗೆ ಸೇರಿ, ವ್ಯಾನ್ ಮೂಲಕ ಎಲ್ಲಿಂದ ಬೇಕಾದರೂ ಸಿಗುವಂತಾಯಿತು. ಬಸ್ಸಿನ ಖರ್ಚು ಉಳಿಯಿತು. ಜೊತೆಗೆ ಒಂದು ಹೊಸ ಅವಲಂಬನೆಯೂ ಬಂತು: ಮೊದಲು ಹೊರಗಿನ ತಂತಿ ಕಡಿದರೂ ತಾಲ್ಲೂಕಿನಲ್ಲಿ ಉತಾರ ಸಿಗುತ್ತಿತ್ತು, ಈಗ ಆ ತಂತಿ ಕಡಿದರೆ ಪಕ್ಕದ ಹೊಲದ ಉತಾರವೂ ಸಿಗುವುದಿಲ್ಲ. ದೂರದ ಜಾಲವನ್ನು ನೆಚ್ಚಿಕೊಂಡ ಮೇಲೆ ಅದನ್ನು ಗಟ್ಟಿಯಾಗಿ ಕಟ್ಟುವ ಹೊಣೆಯೂ ಸರ್ಕಾರದ ಮೇಲೆ ಬೀಳುತ್ತದೆ.

ಇನ್ನು ಪದರಗಳ ವಿಷಯ. ನ್ಯಾಯಬೆಲೆ ಅಂಗಡಿಯಲ್ಲಿ ಒಬ್ಬ ಅಜ್ಜಿ ಯಂತ್ರದ ಗಾಜಿನ ಮೇಲೆ ಹೆಬ್ಬೆಟ್ಟು ಇಡುತ್ತಾಳೆ ಎಂದುಕೊಳ್ಳಿ. ಯಂತ್ರದೊಳಗಿನ ತಂತ್ರಾಂಶ ಆ ಬೆರಳಚ್ಚಿನ ಗುರುತುಗಳನ್ನು ಗುಪ್ತಲಿಪಿಗೆ ಇಳಿಸಿ, ‘ಈ ಆಧಾರ್ ಸಂಖ್ಯೆ ಈ ಬೆರಳಿನದೇ ಹೌದೇ’ ಎಂಬ ಪ್ರಶ್ನೆ ತಯಾರಿಸುತ್ತದೆ. ಇದು ಮೇಲಿನ ಪದರ, ಅಪ್ಲಿಕೇಶನ್. ಅದರ ಕೆಳಗಿನ ಟಿಸಿಪಿ ಎಂಬ ಪದರ ಪ್ರಶ್ನೆಯನ್ನು ತುಂಡು ಮಾಡಿ ಪ್ರತಿ ತುಂಡಿಗೂ ಕ್ರಮಸಂಖ್ಯೆ ಹಾಕುತ್ತದೆ, ಆಚೆ ತುದಿಯಿಂದ ‘ಮುಟ್ಟಿತು’ ಎಂಬ ಸಂದೇಶ ಬಾರದಿದ್ದರೆ ಅದೇ ತುಂಡನ್ನು ಮತ್ತೆ ಕಳಿಸುತ್ತದೆ. ಅದರ ಕೆಳಗೆ ಐಪಿ ಇದೆ. ಪ್ರತಿ ತುಂಡಿನ ಮೇಲೂ ಹೊರಟ ವಿಳಾಸ, ತಲುಪಬೇಕಾದ ವಿಳಾಸ ಬರೆಯುವುದು ಇದರ ಕೆಲಸ. ದಾರಿಯುದ್ದಕ್ಕೂ ಇರುವ ರೂಟರುಗಳು ಓದುವುದು ಈ ವಿಳಾಸವನ್ನೇ. ಇನ್ನೂ ಕೆಳಗಿನ ಲಿಂಕ್ ಪದರ ಒಂದು ಯಂತ್ರದಿಂದ ಅದರ ಪಕ್ಕದ ಯಂತ್ರದವರೆಗೆ ಮಾತ್ರ ಯೋಚಿಸುತ್ತದೆ: ವೈಫೈಯಾದರೆ ಒಂದು ರೀತಿ, ಫೈಬರ್ ಆದರೆ ಇನ್ನೊಂದು. ಎಲ್ಲಕ್ಕಿಂತ ಕೆಳಗೆ ಭೌತಿಕ ಪದರ, ಅಂದರೆ ತಂತಿ, ಗಾಜಿನ ಎಳೆ, ರೇಡಿಯೊ ತರಂಗ. ಪ್ರಶ್ನೆ ಬೆಂಗಳೂರಿನ ಹೆಬ್ಬಾಳದಲ್ಲೋ ಹರಿಯಾಣದ ಮಾನೇಸರದಲ್ಲೋ ಇರುವ ಆಧಾರ್ ಪ್ರಾಧಿಕಾರದ ಡೇಟಾ ಸೆಂಟರ್ ತಲುಪುತ್ತದೆ. ‘ಹೌದು’ ಅಥವಾ ‘ಅಲ್ಲ’ ಎಂಬ ಉತ್ತರ ಅದೇ ಪದರಗಳನ್ನು ತಿರುಗಿ ಹತ್ತಿ ಇಳಿದು ಅಂಗಡಿಗೆ ಬರುತ್ತದೆ. ಎಲ್ಲವೂ ನೆಟ್ಟಗಿದ್ದರೆ ಇಷ್ಟಕ್ಕೂ ಕೆಲವೇ ಸೆಕೆಂಡು ಸಾಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗಿಬರಲು ಅದಕ್ಕೆ ಸೆಕೆಂಡಿನ ನೂರನೆಯ ಒಂದು ಭಾಗವೂ ಬೇಕಿಲ್ಲ. ಹಾಗಾಗಿ ‘ನಮ್ಮೂರು ದೂರ, ಅದಕ್ಕೇ ತಡ’ ಎಂಬ ಸಮಾಧಾನವನ್ನು ಯಾರೂ ಒಪ್ಪಬೇಕಾಗಿಲ್ಲ.

ಪಠ್ಯಪುಸ್ತಕದಲ್ಲಿ ಈ ಪದರಗಳು ಏಳು. 1984ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಪ್ರಕಟಿಸಿದ ಓಎಸ್ಐ ಮಾದರಿಯ ಲೆಕ್ಕ ಅದು. ನಿಜವಾದ ಇಂಟರ್ನೆಟ್ಟು ನಡೆಯುತ್ತಿರುವುದು ಅದಕ್ಕೂ ಮೊದಲು, 1983ರ ಜನವರಿ 1ರಂದು ಅಮೆರಿಕದ ಅರ್ಪಾನೆಟ್ ಒಪ್ಪಿಕೊಂಡ ಟಿಸಿಪಿ/ಐಪಿ ಮಾದರಿಯಲ್ಲಿ. ಅದರಲ್ಲಿ ಲಿಂಕ್ ಮತ್ತು ಭೌತಿಕ ಪದರಗಳನ್ನು ಒಂದಾಗಿ ಹಿಡಿದು ನಾಲ್ಕು ಪದರಗಳನ್ನು ಎಣಿಸುವುದು ರೂಢಿ. ಏಳೋ ನಾಲ್ಕೋ ಎಂಬುದು ಪರೀಕ್ಷೆ ಬರೆಯುವವರ ತಲೆನೋವು. ನಮಗೆ ಬೇಕಾದದ್ದು ಇದರ ಉಪಯೋಗ: ಪ್ರತಿ ಪದರಕ್ಕೂ ತನ್ನ ಕೆಲಸ ಬೇರೆಯಾಗಿರುವುದರಿಂದ ದೋಷ ಯಾವ ಪದರದಲ್ಲಿದೆ ಎಂದು ಬಿಡಿಸಿ ನೋಡಬಹುದು. ಪಂಚಾಯಿತಿಗೆ ಫೈಬರ್ ಬಂದು ಸೇರುವ ಒಎನ್‌ಟಿ ಪೆಟ್ಟಿಗೆಯ ಮುಖದ ಮೇಲೆ ಸಾಲಾಗಿ ಸಣ್ಣ ದೀಪಗಳಿರುತ್ತವೆ. ಯಾವ ದೀಪವೂ ಹೊತ್ತದಿದ್ದರೆ ಕರೆಂಟಿಲ್ಲ. ‘ಎಲ್‌ಒಎಸ್’ ಎಂದು ಬರೆದ ದೀಪ ಕೆಂಪಗೆ ಮಿನುಗುತ್ತಿದ್ದರೆ ಬೆಳಕು ಪೆಟ್ಟಿಗೆಯವರೆಗೆ ಬರುತ್ತಿಲ್ಲ, ಎಲ್ಲೋ ಕೇಬಲ್ ಕಡಿದಿದೆ. ಕೆಂಪು ಇಲ್ಲ, ಬೇರೆ ಜಾಲತಾಣಗಳೂ ತೆರೆಯುತ್ತಿವೆ, ಪಹಣಿಯ ತಾಣ ಮಾತ್ರ ತೆರೆಯುತ್ತಿಲ್ಲ ಎಂದರೆ ಮಾತ್ರ ಸರ್ವರಿನ ಮೇಲೆ ಅನುಮಾನ ಪಡಬೇಕು. ಇಷ್ಟನ್ನು ನೋಡಿ ಹೇಳಲು ಎಂಜಿನಿಯರಿಂಗ್ ಓದಬೇಕಾಗಿಲ್ಲ. ಆದರೆ ಇಷ್ಟು ಗೊತ್ತಿರುವ ಊರಿಗೆ ದೂರು ಕೊಡುವ ಬಾಯಿ ಬರುತ್ತದೆ: ಮೊದಲನೆಯದಕ್ಕೆ ಬ್ಯಾಟರಿ ಕೇಳಬೇಕು, ಎರಡನೆಯದಕ್ಕೆ ಕೇಬಲ್ ನೋಡಿಕೊಳ್ಳುವವರನ್ನು ಕರೆಸಬೇಕು, ಮೂರನೆಯದಕ್ಕೆ ಬೆಂಗಳೂರಿನ ಇಲಾಖೆಯೇ ಉತ್ತರ ಕೊಡಬೇಕು.

ಐಪಿ ಪದರದ ನಿಜವಾದ ಜಾಣತನ ಇರುವುದು ದಾರಿ ಬದಲಿಸುವುದರಲ್ಲಿ. ಒಂದು ಕಡೆ ಕಡಿದರೆ ರೂಟರು ಮುಂದಿನ ತುಂಡನ್ನು ಇನ್ನೊಂದು ಕಡೆಯಿಂದ ಕಳಿಸುತ್ತದೆ. ಈ ವಿಚಾರಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬ ಅಮೆರಿಕದ ರ್‍ಯಾಂಡ್ ಸಂಸ್ಥೆಯ ಪಾಲ್ ಬಾರನ್. ಅಣುಬಾಂಬು ಬಿದ್ದರೂ ಸಂಪರ್ಕ ಉಳಿಯಬೇಕೆಂದರೆ ಜಾಲ ಹೇಗಿರಬೇಕು ಎಂದು 1964ರಲ್ಲಿ ಪ್ರಕಟಿಸಿದ ವರದಿಗಳಲ್ಲಿ ಆತ ಮೂರು ಚಿತ್ರ ಬರೆದ: ಎಲ್ಲವೂ ಒಂದೇ ನಡುಬಿಂದುವಿಗೆ ಸೇರುವ ಜಾಲ, ಹಲವು ನಡುಬಿಂದುಗಳಿರುವ ಜಾಲ, ಪ್ರತಿ ಬಿಂದುವೂ ಸುತ್ತಲಿನ ಹಲವು ಬಿಂದುಗಳಿಗೆ ತಾಗಿರುವ ಬಲೆಯಂಥ ಜಾಲ. ಕನಿಷ್ಠಕ್ಕಿಂತ ಮೂರ್ನಾಲ್ಕು ಪಟ್ಟು ಕೊಂಡಿಗಳಿದ್ದರೆ ಜಾಲ ಭಾರಿ ಪೆಟ್ಟನ್ನೂ ತಡೆದುಕೊಳ್ಳುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದ. ಇದರ ಮರ್ಮ ಇಷ್ಟು: ಮೇಲಿನ ಪದರದ ಜಾಣತನಕ್ಕೆ ಕೆಳಗಿನ ಪದರದಲ್ಲಿ ಎರಡನೆಯ ದಾರಿ ಇದ್ದರೆ ಮಾತ್ರ ಅರ್ಥ. ನೆಲದೊಳಗೆ ಒಂದೇ ಕೇಬಲ್ ಇರುವ ಊರಿನಲ್ಲಿ ಜಗತ್ತಿನ ಅತ್ಯುತ್ತಮ ರೂಟರ್ ಇಟ್ಟರೂ ಅದು ಬದಲಿ ದಾರಿ ಹುಡುಕಿ ಕೈಚೆಲ್ಲಿ ಕೂರುತ್ತದೆ.

ನಮ್ಮ ಹಳ್ಳಿಗಳಿಗೆ ಬಂದ ಜಾಲಗಳ ಆಕಾರವನ್ನು ಈಗ ನೋಡಬಹುದು. ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ ರೂಪಿಸಿದ, ಹವಾನಿಯಂತ್ರಣ ಬೇಡದ, 128 ಪೋರ್ಟುಗಳ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜು ದೇಶದಲ್ಲಿ ಮೊದಲು ಕೆಲಸ ಶುರುಮಾಡಿದ್ದು 1986ರಲ್ಲಿ, ಧಾರವಾಡಕ್ಕೆ ಹತ್ತಿರದ ಕಿತ್ತೂರಿನಲ್ಲಿ. ದೇಶದ ಗ್ರಾಮೀಣ ದೂರವಾಣಿಯ ಹೊಸ ಅಧ್ಯಾಯ ನಮ್ಮ ಬಗಲಲ್ಲೇ ತೆರೆಯಿತು ಎಂಬುದನ್ನು ಈ ಭಾಗದ ಜನ ಹೆಮ್ಮೆಯಿಂದ ನೆನೆಯಬೇಕು. ಆ ದೂರವಾಣಿ ಜಾಲದ ಆಕಾರ ನಕ್ಷತ್ರ: ನಡುವೆ ಎಕ್ಸ್‌ಚೇಂಜು, ಅಲ್ಲಿಂದ ಮನೆಮನೆಗೆ ಬೇರೆಬೇರೆ ತಂತಿ. ಒಂದು ಮನೆಯ ತಂತಿ ಹರಿದರೆ ಆ ಮನೆಗಷ್ಟೇ ತೊಂದರೆ, ಎಕ್ಸ್‌ಚೇಂಜು ನಿಂತರೆ ಊರಿಗೆಲ್ಲ. ಎಲ್ಲ ಯಂತ್ರಗಳನ್ನೂ ಒಂದೇ ಕೇಬಲ್ಲಿಗೆ ನೇತುಹಾಕುವ ಬಸ್ ಆಕಾರ ಹಳೆಯ ಕಂಪ್ಯೂಟರ್ ಲ್ಯಾಬುಗಳಲ್ಲಿ ಇತ್ತು, ಈಗ ಬಹುಮಟ್ಟಿಗೆ ಮರೆಯಾಗಿದೆ. ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯಲು 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟ, ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆ ತನ್ನ ಮೊದಲ ಹಂತದಲ್ಲಿ ಹಿಡಿದದ್ದು ಮರದ ಆಕಾರ. ತಾಲ್ಲೂಕಿನ ಎಕ್ಸ್‌ಚೇಂಜಿನಲ್ಲಿ ಒಎಲ್‌ಟಿ ಎಂಬ ಯಂತ್ರ. ಅಲ್ಲಿಂದ ಒಂದಷ್ಟು ದೂರ ಮೊದಲೇ ಇದ್ದ ಸರ್ಕಾರಿ ದೂರವಾಣಿಯ ಹಳೆಯ ಫೈಬರು, ಆಮೇಲೆ ಪಂಚಾಯಿತಿವರೆಗೆ ಹೊಸದಾಗಿ ಹುಗಿದ ಕೇಬಲ್. ನಡುವೆ ಸ್ಪ್ಲಿಟರ್ ಎಂಬ, ಕರೆಂಟು ಬೇಡದ ಸಣ್ಣ ಸಾಧನ ಒಂದೇ ಎಳೆಯ ಬೆಳಕನ್ನು ಹಲವು ಊರುಗಳಿಗೆ ಹಂಚುತ್ತದೆ. ಮಲಪ್ರಭಾ ಬಲದಂಡೆ ಕಾಲುವೆಯ ಮೇಲಿರುವ ನವಲಗುಂದದ ರೈತರಿಗೆ ಈ ಆಕಾರ ಹೊಸದಲ್ಲ. ಮುಖ್ಯ ಕಾಲುವೆ, ಉಪಕಾಲುವೆ, ಹೊಲಗಾಲುವೆ. ಮೇಲೆ ಎಲ್ಲಿ ಒಡೆದರೂ ಕೊನೆಯ ಹೊಲದವನ ಬೆಳೆ ಒಣಗುತ್ತದೆ. ಒಂದೇ ವ್ಯತ್ಯಾಸ, ಕಾಲುವೆಯ ನೀರು ಇಳಿಜಾರು ಬಿಟ್ಟು ಹಿಂದಿನಿಂದ ಏರಿ ಬರಲಾರದು. ಬೆಳಕಿಗೆ ಇಳಿಜಾರು ಎಂಬುದಿಲ್ಲ. ಇನ್ನೊಂದು ಕಡೆಯಿಂದ ದಾರಿ ಮಾಡಿಕೊಟ್ಟರೆ ಅದು ಬಂದೇ ಬರುತ್ತದೆ, ನಾವು ಮಾಡಿಕೊಡಬೇಕಷ್ಟೆ.

ಕೇಬಲ್ ಕಡಿಯುವುದು ಈ ಸೀಮೆಯಲ್ಲಿ ಅಪರೂಪವೇ? ಎರೆಮಣ್ಣನ್ನು ಬಲ್ಲವರು ಹಾಗೆ ಹೇಳುವುದಿಲ್ಲ. ಬೇಸಿಗೆಯಲ್ಲಿ ಬಾಯಿ ಬಿಟ್ಟು ಬಿರಿಯುವ, ಮಳೆಗೆ ಉಬ್ಬುವ ಈ ಮಣ್ಣು ಹುಗಿದದ್ದನ್ನೆಲ್ಲ ವರ್ಷವಿಡೀ ಎಳೆದಾಡುತ್ತದೆ. ರಸ್ತೆ ಅಗಲ ಮಾಡುವಾಗ, ಕುಡಿಯುವ ನೀರಿನ ಪೈಪಿಗೆ ಅಗೆಯುವಾಗ ಜೆಸಿಬಿಯ ಹಲ್ಲಿಗೆ ಕೇಬಲ್ ಸಿಗುತ್ತದೆ. ಕಡಿದದ್ದನ್ನು ಕೂಡಿಸುವುದು ನಾಜೂಕಿನ ಕೆಲಸ. ಒಟಿಡಿಆರ್ ಎಂಬ ಉಪಕರಣ ಎಳೆಯೊಳಗೆ ಬೆಳಕಿನ ಮಿಡಿತ ಕಳಿಸಿ, ಅದು ತಿರುಗಿ ಬರಲು ಹಿಡಿದ ಸಮಯದಿಂದ ಎಷ್ಟು ಮೀಟರ್ ಆಚೆ ಕಡಿದಿದೆ ಎಂದು ಲೆಕ್ಕ ಹಾಕುತ್ತದೆ. ಆ ಜಾಗ ಅಗೆದು ಕೇಬಲ್ಲಿನ ಕಪ್ಪು ಹೊದಿಕೆ ಸುಲಿದರೆ ಒಳಗೆ ಅಂಟಂಟಾದ ಜೆಲ್ಲಿ, ಅದರೊಳಗೆ ಬೇರೆಬೇರೆ ಬಣ್ಣದ ಎಳೆಗಳು. ಪ್ರತಿ ಎಳೆಯ ಬಣ್ಣದ ಲೇಪ ತೆಗೆದರೆ ಉಳಿಯುವ ಗಾಜಿನ ದಪ್ಪ 125 ಮೈಕ್ರಾನ್, ಅದರ ನಡುವೆ ಬೆಳಕು ಹರಿಯುವ ಭಾಗ ಬರೀ 9 ಮೈಕ್ರಾನ್ ಸುಮಾರು. ಅದನ್ನು ಸ್ಪಿರಿಟ್ಟಿನಿಂದ ಒರೆಸಿ, ತುದಿಯನ್ನು ನೇರವಾಗಿ ಕತ್ತರಿಸಿ, ಸ್ಪ್ಲೈಸಿಂಗ್ ಯಂತ್ರದಲ್ಲಿ ಎರಡು ತುದಿಗಳನ್ನು ಎದುರುಬದುರಾಗಿಟ್ಟರೆ ವಿದ್ಯುತ್ ಕಿಡಿ ಅವನ್ನು ಕರಗಿಸಿ ಒಂದಾಗಿಸುತ್ತದೆ. ಒಂದು ದೂಳಿನ ಕಣ ಕೂತರೂ ಮತ್ತೆ ಮೊದಲಿನಿಂದ. ಬಿರುಮಳೆಯಲ್ಲಿ, ಗುಂಡಿಯೊಳಗೆ ನೀರು ಜಿನುಗುವಾಗ ಈ ಕೆಲಸ ನಡೆಯುವುದೇ ಇಲ್ಲ. ಅಷ್ಟು ದಿನವೂ ಕಡಿದ ಜಾಗದಿಂದಾಚೆಗಿನ ಊರುಗಳೆಲ್ಲ ಕಾಯಬೇಕು.

ಆಕಾರದ ಬೆಲೆ ಎಷ್ಟು ಎಂಬುದನ್ನು ಒಂದು ಲೆಕ್ಕದಿಂದ ಕಾಣಬಹುದು. ತಾಲ್ಲೂಕು ಕೇಂದ್ರದಿಂದ ಹತ್ತು ಊರುಗಳು ಒಂದರ ನಂತರ ಒಂದು ಸಾಲಾಗಿ ಒಂದೇ ಕೇಬಲ್ ಮೇಲಿವೆ, ಊರಿಂದೂರಿಗಿನ ಪ್ರತಿ ತುಂಡೂ 100 ದಿನಗಳಲ್ಲಿ 1 ದಿನ ಕೆಡುತ್ತದೆ ಎಂದು ಇಟ್ಟುಕೊಳ್ಳಿ. ಹತ್ತನೆಯ ಊರಿಗೆ ಹತ್ತೂ ತುಂಡುಗಳು ಸರಿಯಿರಬೇಕು, ಹಾಗಾಗಿ ಅದು 100 ದಿನಗಳಲ್ಲಿ ಸುಮಾರು 10 ದಿನ ಸಂಪರ್ಕ ಕಳೆದುಕೊಳ್ಳುತ್ತದೆ. ಈಗ ಆ ಹತ್ತನೆಯ ಊರಿನಿಂದ ಇನ್ನೊಂದು ಹಾದಿಯಲ್ಲಿ ತಾಲ್ಲೂಕಿಗೆ ಹನ್ನೊಂದನೆಯ ತುಂಡು ಎಳೆದು ಉಂಗುರ ಮಾಡಿ. ಪ್ರತಿ ಊರಿಗೂ ಎರಡು ದಾರಿ ಸಿಕ್ಕವು, ಎರಡೂ ಒಟ್ಟಿಗೆ ಕೆಟ್ಟಾಗ ಮಾತ್ರ ಊರು ಕಡಿದುಹೋಗುತ್ತದೆ. ಉಂಗುರದಲ್ಲಿ ಎಲ್ಲಕ್ಕಿಂತ ಕಷ್ಟದಲ್ಲಿರುವ ನಡುವಿನ ಊರಿಗೂ 1,000 ದಿನಗಳಲ್ಲಿ ಸುಮಾರು 3 ದಿನ ಮಾತ್ರ ತೊಂದರೆ. ತುಂಡುಗಳ ಗುಣಮಟ್ಟ ಕೂದಲೆಳೆಯಷ್ಟೂ ಸುಧಾರಿಸಿಲ್ಲ, ಅದೇ ಮಣ್ಣು, ಅದೇ ಜೆಸಿಬಿ. ಬದಲಾದದ್ದು ಆಕಾರ ಒಂದೇ. ಸರ್ಕಾರಕ್ಕೂ ಇದು ಮನವರಿಕೆಯಾಗಿದೆ. 2023ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ, ₹1,39,579 ಕೋಟಿ ವೆಚ್ಚದ ತಿದ್ದುಪಡಿಯಾದ ಭಾರತ್‌ನೆಟ್ ಯೋಜನೆ ಪಂಚಾಯಿತಿಗಳನ್ನು ಉಂಗುರದಲ್ಲಿ ಜೋಡಿಸಬೇಕೆಂದು ಹೇಳುತ್ತದೆ, ಹತ್ತು ವರ್ಷಗಳ ನಿರ್ವಹಣೆಯನ್ನೂ ಗುತ್ತಿಗೆಯೊಳಗೇ ಸೇರಿಸುತ್ತದೆ.

ಉಂಗುರದಲ್ಲಿ ಮಾಹಿತಿ ಕೊನೆಯಿಲ್ಲದೆ ಸುತ್ತುತ್ತಾ ಜಾಲವನ್ನೇ ಉಸಿರುಗಟ್ಟಿಸುವುದಿಲ್ಲವೇ ಎಂದು ತಿಳಿದವರು ಕೇಳುತ್ತಾರೆ. ಅಪಾಯ ನಿಜ. ಲ್ಯಾನಿನ ಯಂತ್ರಗಳನ್ನು ಜೋಡಿಸುವ ಸ್ವಿಚ್ಚುಗಳನ್ನು ಗೊತ್ತಿಲ್ಲದೆ ಸುತ್ತುಕಟ್ಟಿದರೆ ಎಲ್ಲರಿಗೂ ಎಂದು ಹೊರಟ ಒಂದೇ ಸಂದೇಶ ಸುತ್ತಿ ಸುತ್ತಿ ಕಚೇರಿಯ ಜಾಲವನ್ನೆಲ್ಲ ಮಲಗಿಸುತ್ತದೆ. ಇದಕ್ಕೆ 1985ರಲ್ಲೇ ರೇಡಿಯಾ ಪರ್ಲ್‌ಮನ್ ಎಂಬ ಅಮೆರಿಕದ ವಿಜ್ಞಾನಿ ಪರಿಹಾರ ಕೊಟ್ಟರು: ಸ್ವಿಚ್ಚುಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಸುತ್ತಿನ ಒಂದು ಕೊಂಡಿಯನ್ನು ಸುಮ್ಮನಿರಿಸುತ್ತವೆ, ಬೇರೆ ಕೊಂಡಿ ಕಡಿದಾಗ ಅದನ್ನು ಎಬ್ಬಿಸುತ್ತವೆ. ದೊಡ್ಡ ಉಂಗುರಗಳಿಗಾಗಿ ಮುಂದೆ ಬಂದ ಅಂತರರಾಷ್ಟ್ರೀಯ ಮಾನಕದಲ್ಲಿ ಈ ಬದಲಾವಣೆಗೆ ಇಟ್ಟಿರುವ ಗುರಿ 50 ಮಿಲಿಸೆಕೆಂಡ್. ಹೆಬ್ಬೆಟ್ಟು ಒತ್ತಿದ ಅಜ್ಜಿಗೆ ದಾರಿ ಬದಲಾದದ್ದು ಗೊತ್ತೂ ಆಗುವುದಿಲ್ಲ.

ಹೆಚ್ಚು ಜನ ಎತ್ತುವ ಆಕ್ಷೇಪ ಬೇರೆ. ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಪಡಿತರದ ಯಂತ್ರಕ್ಕೂ ಸಿಮ್ ಹಾಕಬಹುದು, ಮಣ್ಣಗೆಯುವ ಹಳೇ ಕೆಲಸ ಇನ್ನೇಕೆ? ಮೊಬೈಲಿನಿಂದ ಟವರಿನವರೆಗಿನ ಹಾದಿ ಮಾತ್ರ ಗಾಳಿಯಲ್ಲಿದೆ ಎಂಬುದು ಈ ಆಕ್ಷೇಪದಲ್ಲಿ ಮರೆತುಹೋಗಿದೆ. ಟವರಿನಿಂದಾಚೆಗೆ ಫೈಬರ್ ಬೇಕು, ಇಲ್ಲವೇ ಟವರಿನಿಂದ ಟವರಿಗೆ ಮೈಕ್ರೋವೇವ್ ಕೊಂಡಿ ಬೇಕು, ಅದೂ ಕೊನೆಗೆ ಎಲ್ಲೋ ಒಂದು ಕಡೆ ಫೈಬರಿಗೇ ಇಳಿಯಬೇಕು. ಟವರಿಗೆ ಹೋಗುವ ಫೈಬರ್ ಒಂಟಿಯಾಗಿದ್ದರೆ ಅದು ಕಡಿದ ದಿನ ಊರಿನ ಮೊಬೈಲುಗಳೂ ಒಟ್ಟಿಗೇ ಸುಮ್ಮನಾಗುತ್ತವೆ. ಜೊತೆಗೆ ರೇಡಿಯೊ ತರಂಗ ಎಲ್ಲರೂ ಹಂಚಿಕೊಳ್ಳುವ ಆಸ್ತಿ. ವಿಮೆಯ ಕೊನೆಯ ದಿನ ಊರಿಗೂರೇ ಫೋನು ಹಿಡಿದರೆ ಒಬ್ಬೊಬ್ಬರ ಪಾಲಿಗೆ ಬರುವುದು ಕಡಿಮೆಯೇ. ಪಕ್ಕಾ ಉಂಗುರದ ಮೇಲೆ ಕೂತ ಟವರ್ ಇದ್ದರೆ ಮೊಬೈಲ್ ಮತ್ತು ಫೈಬರ್ ಒಂದಕ್ಕೊಂದು ಆಸರೆಯಾಗುತ್ತವೆ.

ಖರ್ಚಿನ ಮಾತಿಗೆ ನಾಲ್ಕೂ ತಾಲ್ಲೂಕುಗಳಿಗೆ ಒಂದೇ ಉತ್ತರ ಕೊಡಲಾಗದು. ಅಣ್ಣಿಗೇರಿ, ನವಲಗುಂದಗಳ ಬಯಲಿನಲ್ಲಿ ಊರುಗಳು ಹತ್ತಿರಹತ್ತಿರ, ಉಂಗುರ ಮುಚ್ಚುವ ಕೊನೆಯ ತುಂಡು ಚಿಕ್ಕದಾಗಿರುತ್ತದೆ. ಕುಂದಗೋಳಕ್ಕೆ ರೈಲು ಹಳಿಯ ಅನುಕೂಲವಿದೆ: ಹುಬ್ಬಳ್ಳಿಯಿಂದ ಹಾವೇರಿ ಕಡೆ ಹೋಗುವ ಹಳಿ ಕುಂದಗೋಳ, ಸಂಶಿ, ಗುಡಗೇರಿಗಳನ್ನು ಹಾದುಹೋಗುತ್ತದೆ. ಹಳಿಯ ಮಗ್ಗುಲಿನ ನೆಲ ರಸ್ತೆಯ ಅಂಚಿನಂತೆ ಮೇಲಿಂದ ಮೇಲೆ ಅಗೆತಕ್ಕೆ ಸಿಗುವುದಿಲ್ಲವಾದ್ದರಿಂದ ಎರಡನೆಯ ದಾರಿಗೆ ಅದು ಯೋಗ್ಯ. ಕಲಘಟಗಿಯ ಕಥೆಯೇ ಬೇರೆ. ಪಡುವಣಕ್ಕೆ ಹೋದಂತೆ ಕಾಡು ದಟ್ಟವಾಗುತ್ತದೆ, ಊರುಗಳು ಚದುರುತ್ತವೆ, ಅಗೆಯಲು ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ಅಲ್ಲಿ ಪೂರ್ತಿ ಫೈಬರ್ ಉಂಗುರಕ್ಕೆ ಹಟ ಹಿಡಿಯುವುದಕ್ಕಿಂತ ಒಂದು ದಾರಿ ಫೈಬರ್, ಇನ್ನೊಂದು ದಾರಿ ಮೈಕ್ರೋವೇವ್ ಎಂದಿಟ್ಟುಕೊಳ್ಳುವುದು ಲೇಸು. ಎರಡನೆಯದು ಕಿರಿದಾಗಿದ್ದರೂ ಪರವಾಗಿಲ್ಲ, ಬೆರಳಚ್ಚಿನ ಪ್ರಶ್ನೆಗೂ ಪಹಣಿಯ ಪುಟಕ್ಕೂ ವಿಡಿಯೊದಷ್ಟು ಅಗಲದ ದಾರಿ ಬೇಕಾಗಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವೆಂದರೆ, ಕಾಗದದ ಮೇಲಿನ ಉಂಗುರ ನೆಲದ ಮೇಲೆ ಉಂಗುರವಾಗಿರದೆ ಹೋಗಬಹುದು ಎಂಬುದು. ಹತ್ತು ಊರುಗಳ ಲೆಕ್ಕ ನಿಂತಿರುವುದು ಎರಡು ದಾರಿಗಳು ಬೇರೆಬೇರೆಯಾಗಿ ಕೆಡುತ್ತವೆ ಎಂಬ ನಂಬಿಕೆಯ ಮೇಲೆ. ಎರಡೂ ಕೇಬಲ್ಲುಗಳನ್ನು ಒಂದೇ ರಸ್ತೆಯ ಎಡಬಲಕ್ಕೆ ಹುಗಿದರೆ, ಅಥವಾ ಬೆಣ್ಣೆಹಳ್ಳ ದಾಟುವಾಗ ಒಂದೇ ಸೇತುವೆಗೆ ಕಟ್ಟಿದರೆ, ಹಳ್ಳ ಉಕ್ಕಿ ಬಂದ ಒಂದೇ ರಾತ್ರಿಯಲ್ಲಿ ಎರಡೂ ಹೋಗುತ್ತವೆ. ಮಳೆ ಜೋರಾದಾಗಲೆಲ್ಲ ದಂಡೆಯ ಹೊಲಗಳನ್ನು ನುಂಗುವ ಬೆಣ್ಣೆಹಳ್ಳವನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಂಗುರದ ಎರಡು ತುದಿಗಳೂ ಒಂದೇ ತಾಲ್ಲೂಕು ಎಕ್ಸ್‌ಚೇಂಜಿಗೆ ಸೇರಿದರೂ ಅದೇ ಗತಿ, ಅಲ್ಲಿಯ ಜನರೇಟರ್ ಕೈಕೊಟ್ಟರೆ ಇಡೀ ಉಂಗುರ ನಿಲ್ಲುತ್ತದೆ. ಒಂದು ತುದಿ ನವಲಗುಂದಕ್ಕೆ, ಇನ್ನೊಂದು ಅಣ್ಣಿಗೇರಿಗೆ ಸೇರಿದರೆ ಮಾತ್ರ ಆ ಊರುಗಳಿಗೆ ನಿಜವಾದ ಎರಡನೆಯ ದಾರಿ ಸಿಕ್ಕಂತೆ. ಇನ್ನು ಪಂಚಾಯಿತಿಯ ಪೆಟ್ಟಿಗೆಯ ಬ್ಯಾಟರಿ ಸತ್ತು ಬಿದ್ದಿದ್ದರೆ, ಸಂಜೆ ಕಚೇರಿ ಮುಚ್ಚುವಾಗ ಮೇನ್ ಸ್ವಿಚ್ಚನ್ನೇ ಆರಿಸಿ ಹೋದರೆ, ಯಾವ ಉಂಗುರವೂ ಕಾಪಾಡುವುದಿಲ್ಲ.

ಆದ್ದರಿಂದ ಹೊಸ ಕೇಬಲ್ಲಿಗೆ ಗುಂಡಿ ತೋಡುವ ಮೊದಲು ಅದರ ಹಾದಿಯ ನಕ್ಷೆಯನ್ನು ಗ್ರಾಮಸಭೆಯಲ್ಲಿ ಗೋಡೆಗೆ ಅಂಟಿಸಬೇಕು. ಯಾವ ಹಳ್ಳ ಎಲ್ಲಿ ಉಕ್ಕುತ್ತದೆ, ಯಾವ ಕಿರುಸೇತುವೆ ಪ್ರತಿ ಮಳೆಗಾಲಕ್ಕೂ ಕೊಚ್ಚಿಹೋಗುತ್ತದೆ, ನೀರಿನ ಪೈಪು ಯಾವ ಬದಿಯಲ್ಲಿದೆ, ಮುಂದಿನ ವರ್ಷ ಯಾವ ರಸ್ತೆ ಅಗಲವಾಗಲಿದೆ ಎಂಬುದು ದೂರದ ಕಚೇರಿಯ ನಕಾಶೆಕಾರರಿಗಿಂತ ಆ ಊರಿನವರಿಗೆ ಚೆನ್ನಾಗಿ ಗೊತ್ತು. ಅವರು ಕೇಳಬೇಕಾದ ಪ್ರಶ್ನೆ ಎರಡೇ: ನಮ್ಮೂರಿಂದ ಹೊರಡುವ ಎರಡು ಕೇಬಲ್ಲುಗಳು ಎಲ್ಲಾದರೂ ಒಂದೇ ಗುಂಡಿಯಲ್ಲಿ, ಒಂದೇ ಸೇತುವೆ ಮೇಲೆ ಕೂಡುತ್ತವೆಯೇ? ಎರಡೂ ಕೊನೆಗೆ ಹೋಗಿ ಸೇರುವುದು ಯಾವ ಎಕ್ಸ್‌ಚೇಂಜಿಗೆ?